ಮೂವತ್ತೊಂದನೆಯ ಪುಟದ ಅರ್ಧ ಸುತ್ತು

ಹಾಲೆ, 3 ನವೆಂಬರ್ 1997

ಆಲ್ಮುಟ್,

"ದೋಷ ಎಂದೂ ಒಂಟಿಯಾಗಿ ಬಾಳುವುದಿಲ್ಲ..." ಇದರ ಮುಂದಿನ ಅರ್ಧ ನನಗೆ ನೆನಪಾಗುತ್ತಿಲ್ಲ. ನಮ್ಮ ಪ್ರೊಫೆಸರರು ಗಾಜಿನ ಕಪಾಟಿನ ಮುಂದೆ ನಿಂತು ಪ್ಲಾಸ್ಟರ್ ಮಾದರಿಗಳ ಧೂಳು ಒರೆಸುತ್ತ ಹೇಳುತ್ತಿದ್ದ ಮಾತು. "ಜೊತೆಗಾರರನ್ನು ಹುಡುಕಿಕೊಳ್ಳುತ್ತದೆ" ಎಂದಿತ್ತೋ, "ಒಂಟಿಯಾಗಿ ಸಾಯುತ್ತದೆ" ಎಂದಿತ್ತೋ? ಹೇಗಿದ್ದರೂ ಮೊದಲ ಅರ್ಧವೇ ಸುಳ್ಳು ಎಂದು ಈಗ ಅನಿಸುತ್ತದೆ. ದೋಷ ಒಂಟಿಯಾಗಿ ಬಹಳ ಚೆನ್ನಾಗಿ ಬಾಳುತ್ತದೆ. ನಿನ್ನನ್ನೇ ನೋಡು. ಮೂವತ್ತಾರು ವರ್ಷ ಬಾಳಿದೆ, ಹೆಸರು ಮಾಡಿದೆ, ಈಗ ನಿವೃತ್ತಿ ಭಾಷಣಕ್ಕೆ ಆಮಂತ್ರಣ ಕಳಿಸುತ್ತಿದೆ.

ನಿನ್ನ ಕಾರ್ಯದರ್ಶಿ ಯಾವುದೋ ಹಳೆಯ ಪಟ್ಟಿಯಿಂದ ನನ್ನ ವಿಳಾಸ ಹೆಕ್ಕಿರಬೇಕು. "ಪ್ರೀತಿಯ ಹಳೆಯ ಸಹಪಾಠಿಗಳಿಗೆ" ಎಂದು ಅಚ್ಚಾಗಿದೆ. ಫೆಬ್ರುವರಿ ಆರು, ಶುಕ್ರವಾರ, ಹ್ಯಾಂಬರ್ಗ್. ವಿಷಯ, "ಏಕದೋಷ ಪ್ರಮೇಯಕ್ಕೆ ಮೂವತ್ತೈದು ವರ್ಷ".

ನಮ್ಮ ಬಾಡಿಗೆಮನೆಯ ಪೋಲೆ ಅಮ್ಮನ ಅಡುಗೆಮನೆ ನೆನಪಿದೆಯೇ? ಅವರ ಸೂಪಿನ ಪಾತ್ರೆಯಲ್ಲಿ ಸೋಪಿನ ನೀರು ಕಲಸಿ ನಾವು ತಂತಿಯ ಚೌಕಟ್ಟು ಅದ್ದುತ್ತಿದ್ದೆವು. ಪೊರೆ ಕುದುರೆಯ ಜೀನಿನಂತೆ ಬಾಗಿ ನಿಲ್ಲುತ್ತಿತ್ತು. ಅವರಿಗೆ ಪಾತ್ರೆ ಯಾಕೆ ಬೇಕಾಯಿತೆಂದು ವಿವರಿಸಬೇಕಲ್ಲ, ನೀನು ಶುರುಮಾಡಿದೆ: "ನೋಡಿ ಅಮ್ಮಾ, ಇದರ ಅಂಚು ನೇರ ಇದೆ. ಈ ನೇರ ಗೆರೆಯ ಸುತ್ತ ಪೊರೇನ ಅರ್ಧ ಸುತ್ತು ತಿರುಗಿಸಿದ್ರೆ ಪಕ್ಕದ ತುಂಡು ಸಿಗುತ್ತೆ. ಹೊಲಿಗೆ ಗುರುತೇ ಇರಲ್ಲ. ಹೀಗೇ ತಿರುಗಿಸ್ತಾ ಹೋದ್ರೆ ಇಡೀ ಲೋಕ ತುಂಬುತ್ತೆ, ಎಲ್ಲೂ ತನಗೆ ತಾನೇ ತಾಗಲ್ಲ."

ಅವರು ಕಾಲುಚೀಲ ಹೆಣೆಯುತ್ತಿದ್ದರು. ತಲೆ ಎತ್ತಲಿಲ್ಲ. "ಅದೆಲ್ಲ ಸರಿ ಕಣ್ರೇ. ಮಧ್ಯೆ ಒಂದು ಸಾಲು ತಪ್ಪಾದ್ರೆ? ನಾನಾದ್ರೆ ಬಿಚ್ಚಿಬಿಡ್ತೀನಿ. ನಿಮ್ಮ ಲೋಕಾನ ಯಾರು ಬಿಚ್ತಾರೆ?"

ನೀನು ನಕ್ಕೆ. ನಾನು ನಗಲಿಲ್ಲ. ಒಂದೇ ಒಂದು ಪದರ ತಪ್ಪಾಗಿ ಕೂತು, ಎರಡೂ ಬದಿಗೆ ದೂರ ಹೋದಷ್ಟೂ ಎಲ್ಲವೂ ಸರಿಯಾಗುತ್ತ ಹೋಗುವ ಪೊರೆ ಇರಬಹುದೇ? ಆ ಪ್ರಶ್ನೆಗೆ ಮೂರು ವರ್ಷ ಕೊಟ್ಟವಳು ನಾನು. ಇರಬಹುದು ಎಂದು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದವಳು ನಾನು. 1961ರ ಜುಲೈ ಇಪ್ಪತ್ತೆರಡು, ಶನಿವಾರ, ನೀನು ಬರ್ಲಿನ್ನಿಗೆ ಚಿಕ್ಕಮ್ಮನ ಹುಟ್ಟುಹಬ್ಬಕ್ಕೆ ಹೊರಟಾಗ ಹಿಡಿ ಕಿತ್ತ ನಿನ್ನ ಚೀಲವನ್ನು ಸ್ಟೇಷನ್ನಿನವರೆಗೆ ಹೊತ್ತವಳೂ ನಾನೇ. "ಏನೇ ಇಷ್ಟು ಭಾರ" ಎಂದು ಕೇಳಿದ್ದೆ. "ಚಿಕ್ಕಮ್ಮನಿಗೆ ಆಲೂಗಡ್ಡೆ" ಎಂದಿದ್ದೆ ನೀನು.

ಆ ಆಲೂಗಡ್ಡೆ ಎರಡು ವರ್ಷದ ಮೇಲೆ ನಿನ್ನೊಬ್ಬಳ ಹೆಸರಿನಲ್ಲಿ ಅಚ್ಚಾಯಿತು.

ಆಮಂತ್ರಣಕ್ಕೆ ಉತ್ತರ ಕೇಳಿದ್ದೀಯ. ಬರುತ್ತೇನೆ.

ಗೆಸೀನ ಹಾರ್ಬ್ರೆಖ್ಟ್


ಹ್ಯಾಂಬರ್ಗ್, 19 ನವೆಂಬರ್ 1997

ಮಾನ್ಯ ಫ್ರೌ ಹಾರ್ಬ್ರೆಖ್ಟ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನೀವು ಬರುವುದು ಸಂತೋಷ. ಮೊದಲ ಸಾಲಿನಲ್ಲಿ ಆಸನ ಕಾಯ್ದಿರಿಸಲು ಹೇಳಿದ್ದೇನೆ.

ಉಳಿದದ್ದರ ಬಗ್ಗೆ ಎರಡು ಮಾತು. ಆಗ ನಾವಿಬ್ಬರೂ ದಿನವೆಲ್ಲ ಮಾತಾಡುತ್ತಿದ್ದೆವು. ಯಾವ ಯೋಚನೆ ಯಾರದು ಎಂದು ಬೇರ್ಪಡಿಸುವುದು ಸುಲಭವಲ್ಲ. ಇನ್ನು, ಲೇಖನದಲ್ಲಿ ನಿಮ್ಮ ಹೆಸರು ಹಾಕಿದ್ದರೆ ಏನಾಗುತ್ತಿತ್ತು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಗಡಿ ದಾಟಿ ಓಡಿದವಳ ಜೊತೆ, ಪಶ್ಚಿಮ ಜರ್ಮನಿಯ ಪತ್ರಿಕೆಯಲ್ಲಿ, ಅನುಮತಿ ಇಲ್ಲದೆ! ನಿಮ್ಮನ್ನು ಜೈಲಿಗೆ ಹಾಕುತ್ತಿದ್ದರು. ಹೆಸರು ಬಿಟ್ಟದ್ದು ನಿಮ್ಮ ರಕ್ಷಣೆಗೆ.

ಪ್ರತಿ ಕ್ರಿಸ್‌ಮಸ್‌ಗೆ ಕಾಫಿ, ಚಾಕೊಲೇಟಿನ ಪೊಟ್ಟಣ ಕಳಿಸಿದ್ದೇನೆ. ಇಪ್ಪತ್ತೆಂಟು ವರ್ಷ. ಒಂದಕ್ಕೂ ಉತ್ತರ ಬರಲಿಲ್ಲ.

ಗೌರವಗಳೊಂದಿಗೆ,
ಆಲ್ಮುಟ್ ಡೀರ್ಕ್ಸನ್


ಹಾಲೆ, 30 ನವೆಂಬರ್ 1997

ಆಲ್ಮುಟ್,

ಐದು ವರ್ಷ ನಾವಿಬ್ಬರೂ ಒಂದೇ ಒಲೆಗೆ ಬೆನ್ನು ಕಾಯಿಸಿದವರು. ಈಗ ನನ್ನನ್ನು "ನೀವು" ಎನ್ನುತ್ತೀಯ. ಇರಲಿ, ಬಾಗಿಲು ಹಾಕಿಕೊಳ್ಳುವುದಕ್ಕೂ ಮರ್ಯಾದೆಯ ದಾರಿಗಳಿವೆ. ನಾನು "ನೀನು" ಎಂದೇ ಬರೆಯುತ್ತೇನೆ. ಬೈಯುವುದಕ್ಕೆ ಅದೇ ಅನುಕೂಲ.

ನಿನ್ನ ರಕ್ಷಣೆಯ ಲೆಕ್ಕವನ್ನು ನಾನು ಒಪ್ಪಿದೆ ಎಂದಿಟ್ಟುಕೊ. 1963ರಲ್ಲಿ ಹೆಸರು ಹಾಕಿದ್ದರೆ ಜೈಲು, ನಿಜ. ಬರ್ಲಿನ್ ಗೋಡೆ ಬಿದ್ದು ಎಂಟು ವರ್ಷವಾಯಿತು. ಈ ಎಂಟು ವರ್ಷ ನಿನ್ನ ಲೇಖನಕ್ಕೂ ನನ್ನ ಹೆಸರಿಗೂ ನಡುವೆ ಯಾವ ಗೋಡೆ ಇತ್ತು? ಅದನ್ನು ಕಾಯುತ್ತಿದ್ದ ಸಿಪಾಯಿ ಯಾರು?

ನೀನು ಹೋದ ಮೇಲೆ ಗುಪ್ತ ಪೊಲೀಸರು ನನ್ನನ್ನು ಒಂದು ಕೋಣೆಗೆ ಕರೆಸಿದರು. ಬೂದು ಕೋಟಿನ ಮನುಷ್ಯ, ಬಹಳ ನಯದ ಮಾತು. "ಐದು ವರ್ಷ ಒಂದೇ ಕೋಣೇಲಿ ಇದ್ರಿ. ಆಕೆ ಓಡಿಹೋಗ್ತಾಳೆ ಅಂತ ನಿಮಗೆ ಗೊತ್ತಿರಲಿಲ್ಲ?"

"ಇರಲಿಲ್ಲ."

"ಚೀಲ ಹೊತ್ತುಕೊಂಡು ಹೋದ್ರಂತಲ್ಲ. ನೋಡಿದೋರಿದ್ದಾರೆ."

"ಹೊತ್ತೆ."

"ಅಂದ್ರೆ ನೀವು ಸುಳ್ಳು ಹೇಳ್ತಿದ್ದೀರಿ, ಇಲ್ಲಾ ದಡ್ಡರು. ಗಣಿತದೋರು ದಡ್ಡರಿರಲ್ಲ."

ದಡ್ಡಿ ಎಂದು ಸಾಧಿಸಲು ನನ್ನಿಂದ ಆಗಲಿಲ್ಲ. ಸಹಾಯಕಿಯ ಹುದ್ದೆ ಹೋಯಿತು. ದುಡಿಯುವ ವರ್ಗದ ನಡುವೆ ತಿದ್ದಿಕೊಳ್ಳಲಿ ಎಂದು ಲ್ಯಾಂಪ್‌ಶೇಡಿನ ತಂತಿ ಬೆಸೆಯುವ ಕಾರ್ಖಾನೆಗೆ ಕಳಿಸಿದರು. ಹನ್ನೊಂದು ವರ್ಷ. ಪಕ್ಕದ ಬೆಂಚಿನ ಟ್ರೂಡೆ ಮೊದಲ ದಿನವೇ ನನ್ನ ಕೈ ನೋಡಿ ಅಂದಳು: "ಅಯ್ಯೋ ಡಾಕ್ಟ್ರಮ್ಮ, ಇಷ್ಟು ನೆಟ್ಟಗೆ ಬಗ್ಗಿಸಿದ್ರೆ ನಿನ್ನ ದೀಪಾನ ಪೂಜೆಗಿಡ್ಬೇಕಷ್ಟೆ. ಸ್ವಲ್ಪ ಸೊಟ್ಟ ಬಿಡು, ಇಲ್ದಿದ್ರೆ ನಾಳೆಯಿಂದ ನಮ್ಮೆಲ್ಲರಿಗೂ ಗುರಿ ಏರಿಸ್ತಾರೆ." ಆಮೇಲೆ ಸಂಜೆ ಶಾಲೆಯ ಮೇಷ್ಟರಿಕೆ, ನಿವೃತ್ತಿ.

ಕಾಫಿಯ ಮಾತು ಎತ್ತಿದ್ದೀಯ. ಬಚ್ಚಲಿಗೆ ಸುರಿದೆ ಎಂದು ಬರೆಯಲು ಇಷ್ಟವಿತ್ತು. ಇಲ್ಲ, ಕುಡಿದೆ. ಪುಡಿ ಮುಗಿದ ಮೇಲೆ ಡಬ್ಬಿ ತೊಳೆದ ನೀರನ್ನೂ ಕುಡಿದೆ. ನಿನ್ನ ಉಳಿದದ್ದನ್ನೆಲ್ಲ ಎಂದಾದರೂ ಕ್ಷಮಿಸಿಯೇನು, ಇದೊಂದನ್ನು ಕ್ಷಮಿಸಲಾರೆ.

ಈಗ ಕೇಳು. ನೀನು ಹೊರಟ ಮರುದಿನ, ಭಾನುವಾರ, ಮೂವತ್ತೊಂದನೆಯ ಪುಟದಲ್ಲಿ ತೂತಿದೆ ಎಂದು ನನಗೆ ಹೊಳೆಯಿತು. ನೋಟ್‌ಬುಕ್ಕು ನನ್ನ ಮೇಜಿನಲ್ಲೇ ಇದೆ ಎಂದುಕೊಂಡಿದ್ದೆ. ಚೌಕಳಿ ಹಾಳೆಯಲ್ಲಿ ಬರೆದು ಅದರೊಳಗೆ ಸಿಕ್ಕಿಸಲು ಹೋದೆ. ಮೇಜು ಖಾಲಿ. ನಿನ್ನ ಹಾಸಿಗೆಯ ಮೇಲುಹೊದಿಕೆಯೂ ಇರಲಿಲ್ಲ.

ಒಂದು ದಿನ ತಡೆದಿದ್ದರೆ ತಪ್ಪು ಎಲ್ಲಿದೆ ಎಂಬ ಹಾಳೆಯನ್ನೂ ಸೇರಿಸಿ ಕದಿಯುತ್ತಿದ್ದೆ. ನೀನು ಬರೀ ತಪ್ಪನ್ನು ಕದ್ದೆ. ಅದನ್ನು ಅಕ್ಷರವೂ ಬಿಡದೆ ಅಚ್ಚು ಹಾಕಿಸಿದೆ. ಅಚ್ಚಿನಲ್ಲೂ ಅದು ಮೂವತ್ತೊಂದನೆಯ ಪುಟಕ್ಕೇ ಬಿತ್ತು. "ಮೂರನೆಯ ಪದರದ ನೇರ ಗೆರೆಯ ಸುತ್ತ ಎಂದಿನಂತೆ ಅರ್ಧ ಸುತ್ತು ತಿರುಗಿಸಿದರೆ ಮುಂದಿನದೆಲ್ಲ ಪರಿಪೂರ್ಣ." ಎಂದಿನಂತೆ! ಕೂತು ಆ ಸಾಲನ್ನು ಓದು, ಎಂದಿನಂತೆ ಓದಬೇಡ. ಪರಿಪೂರ್ಣ ಪೊರೆಯನ್ನು ತಿರುಗಿಸಿದರೆ ಪರಿಪೂರ್ಣವಾದದ್ದು ಬರುತ್ತದೆ. ಒಳಗೆ ದೋಷದ ಪದರವಿರುವ ಪೊರೆಯನ್ನು ತಿರುಗಿಸಿದರೆ?

ಆ ಹಾಳೆ ಮೂವತ್ತಾರು ವರ್ಷದಿಂದ ನನ್ನ ಹತ್ತಿರವಿದೆ. ಯಾರಾದರೂ ಕಂಡುಹಿಡಿಯುತ್ತಾರೆಂದು ಮೊದಮೊದಲು ಕಾದೆ. ಆಮೇಲೆ, ಯಾರೂ ಕಂಡುಹಿಡಿಯದಿರಲಿ ಎಂದು ಕಾದೆ. ಭಾಷಣ ಮುಗಿದು ಜನ ಚಪ್ಪಾಳೆಗೆ ಬದಲು ಗೆಣ್ಣಿನಿಂದ ಮೇಜು ಕುಟ್ಟುವ ಮೊದಲು ನಾನು ಎದ್ದು ನಿಲ್ಲುತ್ತೇನೆ.

ಗೆಸೀನ


ಹ್ಯಾಂಬರ್ಗ್, 4 ಜನವರಿ 1998

ಗೆಸೀನ,

ಐದು ವಾರ ಬೇಕಾಯಿತು. ಒಂದು ವಾರ ಪುಟ ತೆರೆಯಲು, ಒಂದು ವಾರ ನೀನು ಹುಚ್ಚಿ ಎಂದು ನನಗೆ ನಾನೇ ಹೇಳಿಕೊಳ್ಳಲು, ಉಳಿದದ್ದು ಓದಲು.

ದೋಷವೂ ತಿರುಗಿ ಬರುತ್ತದೆ. ಮೂರನೆಯ ಪದರದಲ್ಲಿ ತಿರುಗಿಸಿದರೆ ಆರನೆಯದರಲ್ಲಿ ಅದೇ ದೋಷ, ಮತ್ತೆ ಹನ್ನೆರಡರಲ್ಲಿ. ನಾವು ಕಟ್ಟಿದ್ದು ಒಂದೇ ದೋಷದ ಪೊರೆಯಲ್ಲ. ಆರು ಪದರಕ್ಕೊಮ್ಮೆ, ಎರಡೂ ಕಡೆ ಕೊನೆಯಿಲ್ಲದೆ, ದೋಷಗಳ ಸಾಲು. ಇಷ್ಟು ಸುಲಭ. ಶಾಲೆಯ ಮಗುವಿಗೆ ತಿಳಿಯುವಂಥದ್ದು.

ಇದನ್ನು ಮೂವತ್ತು ಚಳಿಗಾಲ ಪಾಠ ಹೇಳಿದ್ದೇನೆ. ಆ ಸಾಲಿಗೆ ಬಂದಾಗ ಸೀಮೆಸುಣ್ಣ ಕೆಳಗಿಟ್ಟು ಬಲಗೈ ಹೀಗೆ ತಿರುಗಿಸುತ್ತೇನೆ. ತರಗತಿಯಲ್ಲಿ ಎಲ್ಲರೂ ಕೈ ತಿರುಗಿಸುತ್ತಾರೆ. ನಮ್ಮ ಕಸುಬಿನಲ್ಲಿ ಆ ಕೈ ತಲೆಗಿಂತ ಮೊದಲು ತಿರುಗುತ್ತದೆ. ಅದು ತಿರುಗುವಾಗ ಯಾರೂ ಪ್ರಶ್ನೆ ಕೇಳಿಲ್ಲ.

ಯೋಚನೆ ಯಾರದೆಂದು ಗೊತ್ತಿಲ್ಲ ಎಂದು ಬರೆದಿದ್ದೆ. ಗೊತ್ತಿತ್ತು.

ಒಂದು ಬೇಡಿಕೆ. ನೀನು ಎದ್ದು ನಿಲ್ಲಬೇಡ. ನಾನೇ ಹೇಳುತ್ತೇನೆ. ಆ ಸಾಲಿಗೆ ಬಂದಾಗ ನಿಲ್ಲಿಸಿ, ಇಲ್ಲಿ ತೂತಿದೆ, ಪ್ರಮೇಯ ಗೆಸೀನ ಹಾರ್ಬ್ರೆಖ್ಟ್ ಅವರದು, ತೂತು ಕಂಡದ್ದೂ ಅವರೇ ಎಂದು ಎಲ್ಲರೆದುರು ಹೇಳುತ್ತೇನೆ. ನನ್ನ ಬಾಯಿಂದ ಹೇಳುವಷ್ಟನ್ನು ನನಗೆ ಬಿಡು.

ಇನ್ನೊಂದು. ತೂತು ಮುಚ್ಚುತ್ತದೆಯೇ? ಒಂದೇ ದೋಷದ ಪೊರೆ ಇದೆಯೋ ಇಲ್ಲವೋ?

ಆಲ್ಮುಟ್


ಹಾಲೆ, 12 ಜನವರಿ 1998 (ಕಾರ್ಡು)

ಆಗಲಿ. ನಾನು ಏಳುವುದಿಲ್ಲ. ಮೊದಲ ಸಾಲು ಬೇಡ, ಮೂರನೆಯದರಲ್ಲಿ ಕೂರುತ್ತೇನೆ. ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ, ನೀನು ಹೇಳಿದ ಮೇಲೆ.

ಗೆ.


ಹಾಲೆ, 9 ಫೆಬ್ರುವರಿ 1998

ಆಲ್ಮುಟ್,

ಸಭಾಂಗಣ ತುಂಬಿತ್ತು. ನಿನ್ನ ಬೂದು ಉಡುಪು ಚೆನ್ನಾಗಿತ್ತು. ನನ್ನ ಹಿಂದೆ ಇಬ್ಬರು ಗಂಡಸರು, ರಸಾಯನಶಾಸ್ತ್ರದವರಿರಬೇಕು, ಪಿಸುಗುಟ್ಟುತ್ತಿದ್ದರು.

"ಈಕೆಯ ಪ್ರಮೇಯ ಇಲ್ದಿದ್ರೆ ನನ್ನ ಅರ್ಧ ಕೆಲಸ ಇರ್ತಿರ್ಲಿಲ್ಲ ಕಣಯ್ಯ."

"ಸಾಧನೆ ಓದಿದ್ದೀಯಾ?"

"ಪ್ರಮೇಯ ಓದಿದ್ದೀನಿ. ಸಾಧನೆ ಯಾರು ಓದ್ತಾರೆ? ಮದುವೆ ಊಟಕ್ಕೆ ಹೋದೋರು ಅಡುಗೆಮನೆ ನೋಡೋಕೆ ಹೋಗ್ತಾರಾ?"

ಐವತ್ತು ನಿಮಿಷಕ್ಕೆ ನೀನು ಆ ಸಾಲಿಗೆ ಬಂದೆ. ಸೀಮೆಸುಣ್ಣ ಕೆಳಗಿಟ್ಟೆ. ನಿನ್ನ ಕಣ್ಣು ಸಾಲುಗಳನ್ನು ಹುಡುಕಿ ನನ್ನನ್ನು ಮುಟ್ಟಿತು. ನಾನು ಉಸಿರು ಹಿಡಿದಿದ್ದೆ. ಅರವತ್ತೈದು ವರ್ಷದವಳು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ಒಂದು ಗಳಿಗೆ ನಿನ್ನ ಬಾಯಿ ತೆರೆಯಿತು. ಆಮೇಲೆ ನಿನ್ನ ಬಲಗೈ ಮೇಲೆದ್ದು, ಎಂದಿನಂತೆ, ತಿರುಗಿತು.

ಹಿಂದಿನ ಇಬ್ಬರೂ ಕೈ ತಿರುಗಿಸಿದರು. ಅವರ ತೋಳಿನ ಗಾಳಿ ನನ್ನ ಕತ್ತಿಗೆ ತಾಗಿತು.

ಮುಗಿದ ಮೇಲೆ ಇನ್ನೂರು ಜನ ಮೇಜು ಕುಟ್ಟಿದರು. ಏಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಏಳಲಿಲ್ಲ. ನಾನೂ ಕುಟ್ಟಿದೆ. ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವಳು ನಾನೇ, ನೀನು ಗಮನಿಸಿರಬಹುದು. ಗೆಣ್ಣು ಇವತ್ತಿಗೂ ನೋಯುತ್ತಿದೆ.

ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋದೆ. ಲಕೋಟೆ ಕೈಚೀಲದಲ್ಲಿ ತಯಾರಿತ್ತು. ನೀನು ಹೇಳಿದ್ದರೆ ಅದನ್ನು ನಿನ್ನ ಕೈಗೆ ಕೊಟ್ಟು, ಇಬ್ಬರ ಹೆಸರಿನಲ್ಲೂ ಕಳಿಸೋಣ ಎನ್ನಬೇಕೆಂದಿದ್ದೆ. ಇದನ್ನು ನಿನಗೆ ತಿಳಿಸುವುದು ನೋಯಿಸುವುದಕ್ಕೇ, ಬೇರೆ ಕಾರಣವಿಲ್ಲ. ನಿನ್ನ ಲೇಖನ ಅಚ್ಚು ಹಾಕಿದ ಅದೇ ಪತ್ರಿಕೆಗೆ ನನ್ನೊಬ್ಬಳ ಹೆಸರಿನಲ್ಲಿ ಹೋಗಿದೆ. ನಾಲ್ಕು ಪುಟ. ಮೂವತ್ತೊಂದನೆಯ ಪುಟ ಯಾಕೆ ತಪ್ಪು ಎಂಬುದು ಮೊದಲನೆಯದರಲ್ಲಿದೆ. ಉಳಿದ ಮೂರರಲ್ಲಿ ಪ್ರಮೇಯ ಬದುಕಿತೋ ಸತ್ತಿತೋ ಎಂಬುದಿದೆ. ಅದನ್ನು ನಿನಗೆ ಹೇಳುವುದಿಲ್ಲ.

ಎದ್ದು ನಿಂತಿದ್ದರೆ ನಿನಗೆ ಹತ್ತು ನಿಮಿಷದ ಅವಮಾನ. ಅಷ್ಟು ಸಸ್ತಾ ಬೇಡ. ಅಚ್ಚಾಗಲು ವರ್ಷವಾದೀತು. ಬೆಳಗ್ಗೆ ಎದ್ದು ಹಲ್ಲುಜ್ಜುವಾಗ, ಬ್ರೆಡ್ಡಿಗೆ ಬೆಣ್ಣೆ ಸವರುವಾಗ, ನಿನ್ನ ಹೆಸರಿನ ಪ್ರಮೇಯ ನಿಜವೋ ಸುಳ್ಳೋ ಎಂದು ತಿಳಿಯದೆ ಒಂದು ವರ್ಷ ಇರು. ನನಗೆ ಇಷ್ಟು ಕಾದು ಅಭ್ಯಾಸವಿದೆ, ಕಷ್ಟವೇನಿಲ್ಲ.

ಗೆಸೀನ ಹಾರ್ಬ್ರೆಖ್ಟ್


ಹ್ಯಾಂಬರ್ಗ್, 14 ಏಪ್ರಿಲ್ 1998

ಗೆಸೀನ,

ಹೇಳಲೇಬೇಕೆಂದಿದ್ದೆ. ವಾಕ್ಯ ಬಾಯಿಗೆ ಬಂದಿತ್ತು. ಕೈ ಎದ್ದುಬಿಟ್ಟಿತು. ಇದು ಸಮರ್ಥನೆಯಲ್ಲ. ನಡೆದದ್ದು ಹೀಗೆ, ಅಷ್ಟೆ.

ಎರಡು ತಿಂಗಳಿಂದ ತೂತು ಮುಚ್ಚಲು ಕೂತಿದ್ದೇನೆ. ಮೇಜು, ನೆಲ, ಹಾಸಿಗೆಯ ಮೇಲೆಲ್ಲ ಕಾಗದ. ಆಗುತ್ತಿಲ್ಲ. ಒಂದು ದಿನ ಪೊರೆ ಇದೆ ಎನಿಸುತ್ತದೆ, ಮರುದಿನ ಇಲ್ಲ ಎನಿಸುತ್ತದೆ. ನನ್ನ ಕೈಲಿ ಆಗುವುದಿಲ್ಲ ಎಂದು ತಿಳಿಯಲು ನಿವೃತ್ತಳಾಗಬೇಕಾಯಿತು. ಇಷ್ಟು ವರ್ಷ ನನಗೆ ಸಿಕ್ಕ ಯೋಚನೆಗಳೆಲ್ಲ ನಿನ್ನ ಆ ಒಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದ ಟಿಪ್ಪಣಿಗಳಂತೆ ಕಾಣುತ್ತಿವೆ. ನಿನಗೆ ಬೇಕಿದ್ದದ್ದು ಇದೇ ಆಗಿದ್ದರೆ, ಸಿಕ್ಕಿತು.

ಪತ್ರಿಕೆಗೆ ನಾನೂ ಬರೆದಿದ್ದೇನೆ. ಮೂವತ್ತೊಂದನೆಯ ಪುಟ ತಪ್ಪು, ಮತ್ತು ನನ್ನದಲ್ಲ, ಎಂದು. ನಕಲು ಜೊತೆಗಿದೆ. ಇದನ್ನು ಸಭೆಯಲ್ಲಿ ಹೇಳದವಳು ಕಾಗದದಲ್ಲಿ ಹೇಳಿದಳು ಎಂದು ನೀನು ನಗಬಹುದು.

ಅದಕ್ಕೆ ಬದಲಾಗಿ ಏನೂ ಕೇಳುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಕೇಳುತ್ತೇನೆ. ಹೌದು ಅಥವಾ ಇಲ್ಲ, ಒಂದು ಪದ. ಇಪ್ಪತ್ತಮೂರರ ಗುರುವಾರ ಹಾಲೆಗೆ ಬರುತ್ತೇನೆ.

ನಿನ್ನ,
ಆಲ್ಮುಟ್


ಹಾಲೆ, 24 ಏಪ್ರಿಲ್ 1998

ಆಲ್ಮುಟ್,

ನಿನ್ನೆ ನಾನು ಮನೆಯಲ್ಲೇ ಇದ್ದೆ.

ಅಡುಗೆಮನೆಯಲ್ಲಿ ಕೂತು ಊಟಕ್ಕೆ ಬಿಳಿ ಶತಾವರಿ ದಂಟಿನ ಸಿಪ್ಪೆ ಹೆರೆಯುತ್ತಿದ್ದೆ. ನಾಲ್ಕು ಮಹಡಿ ಹತ್ತುವ ನಿನ್ನ ಹೆಜ್ಜೆ ಎರಡನೆಯ ಮಹಡಿಯಲ್ಲೇ ಗುರುತು ಸಿಕ್ಕಿತು. ಎಡಗಾಲನ್ನು ಈಗಲೂ ಭಾರವಾಗಿ ಇಡುತ್ತೀಯ. ಗಂಟೆ ನಾಲ್ಕು ಸಲ ಬಾರಿಸಿದೆ. "ಗೆಸೀನ, ಒಂದು ಪದ ಹೇಳೇ ಸಾಕು" ಎಂದು ಬಾಗಿಲಿಗೆ ಹೇಳಿದೆ. ನಾನು ಹೆರೆಯುತ್ತಲೇ ಇದ್ದೆ. ಒಬ್ಬಳಿಗೆ ಎರಡು ಕಿಲೋ ಯಾರು ಹೆರೆಯುತ್ತಾರೆ? ಮುಗಿಯದಿರಲಿ ಎಂದು ಹೆರೆದೆ. ಆಮೇಲೆ ನೀನು ಮೆಟ್ಟಿಲ ಮೇಲೆ ಕೂತ ಸದ್ದಾಯಿತು. ಎರಡು ಗಂಟೆ. ನಡುವೆ ನೀನು ಒಮ್ಮೆ ಕೆಮ್ಮಿದೆ. ನಾನು ನೀರಿನ ಲೋಟ ತುಂಬಿಸಿ, ಬಾಗಿಲವರೆಗೆ ಹೋಗಿ, ಅಲ್ಲೇ ನಿಂತು ನಾನೇ ಕುಡಿದೆ.

ನೀನು ಇಳಿದು ಹೋದಾಗ ಗೆದ್ದೆ ಅನಿಸಿತು. ಅದು ಸುಳ್ಳಲ್ಲ. ಮೂವತ್ತಾರು ವರ್ಷದಲ್ಲಿ ಅಷ್ಟು ಸಿಹಿಯಾದದ್ದನ್ನು ನಾನು ತಿಂದಿಲ್ಲ.

ಪ್ರಮೇಯ ನಿಜ. ಒಂದೇ ದೋಷದ ಪೊರೆ ಇದೆ. ಮೂರನೆಯ ಪದರದಲ್ಲಿ ತಿರುಗಿಸಿದರೆ ಎರಡನೆಯ ದೋಷ ಆರನೆಯದರಲ್ಲಿ ಬರುತ್ತದಲ್ಲವೇ, ಹಾಗಾದರೆ ಮೂವತ್ತನೆಯದರಲ್ಲಿ ತಿರುಗಿಸು, ಅದು ಅರವತ್ತಕ್ಕೆ ಹೋಗುತ್ತದೆ. ಮುನ್ನೂರರಲ್ಲಿ ತಿರುಗಿಸು. ಹೀಗೆ ಅದನ್ನು ದೂರ ದೂರ ತಳ್ಳುತ್ತ ಹೋಗು. ತಳ್ಳುವಾಗ ನಡುವಿನ ಪೊರೆ ಹರಿಯುವುದಿಲ್ಲ, ಕುಸಿಯುವುದಿಲ್ಲ ಎಂದು ತೋರಿಸಬೇಕು, ಕಷ್ಟವಿರುವುದು ಅಲ್ಲಿ ಮಾತ್ರ. ಅದನ್ನು 1969ರಲ್ಲಿ, ಬೆಸೆಯುವ ಬೆಂಚಿನ ಮುಂದೆ ಕಂಡುಕೊಂಡೆ. ಕೊನೆಗೆ ಉಳಿಯುವುದು ಒಂದೇ ದೋಷ. ಎರಡೂ ಬದಿಗೆ ಅದರ ನೆರಳು ಸವೆಯುತ್ತ ಹೋಗುತ್ತದೆ, ಎಷ್ಟು ದೂರ ಹೋದರೂ ಪೂರ್ತಿ ಅಳಿಯುವುದಿಲ್ಲ. ಪೂರ್ತಿ ಸರಿಯಾದ ಒಂದು ಚೂರು ಎಲ್ಲಾದರೂ ಇದ್ದಿದ್ದರೆ ಇಡೀ ಪೊರೆಯೇ ಸರಿ ಇರುತ್ತಿತ್ತು. ಇದು ನಿನಗೆ ಗೊತ್ತಿರುವ ವಿಷಯವೇ.

ಕ್ಷಮಿಸಿದೆ ಎಂದು ತಿಳಿಯಬೇಡ. ಇಂದು ಉತ್ತರ ಬರೆಯುತ್ತಿರುವುದು ನಿನ್ನ ಮೇಲಿನ ಕನಿಕರಕ್ಕಲ್ಲ. ಕಾರಣ ಕೆಳಗಿದೆ.

ಗೆಸೀನ

ನೀನು ಹೋಗಿ ಐದು ನಿಮಿಷಕ್ಕೆ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮಹಡಿಯ ಫ್ರೌ ಓಲ್‌ಮಾನ್, ಕಂಕುಳಲ್ಲಿ ಒಂದು ದಿಂಬು. "ಕಲ್ಲು ಮೆಟ್ಲು ತಣ್ಣಗಿರುತ್ತೆ ಅಂತ ಆಯಮ್ಮನಿಗೆ ನಾನೇ ಕೊಟ್ಟಿದ್ದೆ, ವಾಪಸ್ ತಗೊಂಡೆ" ಎಂದರು. ಅವರು ಒಳಗೆ ಇಣುಕಿ, ಹೆರೆದ ಶತಾವರಿಯ ಗುಡ್ಡೆ ನೋಡಿದರು, ನನ್ನನ್ನು ನೋಡಿದರು.

"ವಿಮೆಯೋರು ಬಂದ್ರೆ ಬಾಗಿಲು ತೆಗೀತೀರಿ, ದೇವರ ಪುಸ್ತಕ ಮಾರೋರು ಬಂದ್ರೂ ತೆಗೀತೀರಿ. ಎರಡು ಗಂಟೆ ಹೊರಗೆ ಕೂರಿಸಿದ್ದೀರಿ ಅಂದ್ರೆ, ನಿಮ್ಮ ಸ್ವಂತ ತಂಗೀನೇ ಇರ್ಬೇಕು ಬಿಡಿ."